ಬರ್ತೀವಪ್ಪ

ಫ್ರಾನ್ಸಿನ ಒಂದು ಕಾಲುವೆಯ ದಡದಲ್ಲಿ ದೋಣಿ ಕಟ್ಟುವ ಗೂಟವಿತ್ತು. ಚಿತ್ರದುರ್ಗದ ಮಹಲಿಂಗಪ್ಪ ಮತ್ತು ಅವರ ಹೆಂಡತಿ ಪಂಕಜಮ್ಮ ಬಾಡಿಗೆ ದೋಣಿಯಲ್ಲಿ ಊರೂರು ನೋಡುತ್ತಾ ನಿಧಾನವಾಗಿ ಅಲ್ಲಿಗೆ ಬಂದರು. ಊರಿನಿಂದ ಸೂಟ್‌ಕೇಸಿಗೆ ಬಿಗಿದು ತಂದಿದ್ದ ಹಗ್ಗದಿಂದಲೇ ದೋಣಿಯನ್ನು ಗೂಟಕ್ಕೆ ಕಟ್ಟಿದರು. ಬೆಳಿಗ್ಗೆ ಹೊರಡುವಾಗ ಪಂಕಜಮ್ಮ ಗೂಟವನ್ನು ಸವರಿ, "ಬರ್ತೀವಪ್ಪ" ಎಂದರು.

"ಏನೆಂದರು?" ಗೂಟ ಹಗ್ಗವನ್ನು ಕೇಳಿತು.

"ಬರುತ್ತೇವೆ ಎಂದರು."

"ಹೊರಟವರು ಹೋಗುತ್ತೇವೆ ಎನ್ನಬೇಕಲ್ಲವೇ?"

"ನಮ್ಮ ಕಡೆ ಹಾಗೆ ಹೇಳಬಾರದು. ಹೊರಡುವಾಗಲೂ ಬರುತ್ತೇವೆ ಎಂದೇ ಹೇಳಬೇಕು."

"ಸುಳ್ಳಾದರೂ?"

"ಸುಳ್ಳಾದರೂ."

ಗೂಟ ನಕ್ಕಿತು. "ನನಗೆ ಆ ಹಂಗಿಲ್ಲ. ಕಟ್ಟಿದರೆ ಹಿಡಿಯುತ್ತೇನೆ, ಬಿಚ್ಚಿದರೆ ಬಿಡುತ್ತೇನೆ."

ಮರುವರ್ಷ ಅದೇ ಹಗ್ಗ ಬಂದು ಗೂಟವನ್ನು ಸುತ್ತಿತು. ಗಂಟು ಹಾಕಿದವರು ಪಂಕಜಮ್ಮ. ದೋಣಿಯಲ್ಲಿ ಇನ್ನೊಂದು ಕುರ್ಚಿ ಖಾಲಿಯಿತ್ತು.

"ಯಜಮಾನರು ಎಲ್ಲಿ?" ಎಂದಿತು ಗೂಟ.

"ಸಂಕ್ರಾಂತಿ ಕಳೆದ ಮೇಲೆ ಹೋದರು."

"ಬರುತ್ತೇನೆ ಎನ್ನಲಿಲ್ಲವೇ?"

"ಹೇಳಲು ಬಾಯಿ ತೆರೆದಿದ್ದರು. ಆಗಲಿಲ್ಲ."

ಬೆಳಿಗ್ಗೆ ಪಂಕಜಮ್ಮ ಗಂಟು ಬಿಚ್ಚಿದರು, ಗೂಟವನ್ನು ಸವರಿದರು, "ಬರ್ತೀವಪ್ಪ" ಎಂದರು.

"ಎಷ್ಟು ಜನ ಬರುತ್ತಾರಂತೆ?" ಗೂಟ ಮೆಲ್ಲಗೆ ಕೇಳಿತು.

"ಇಬ್ಬರು," ಎಂದಿತು ಹಗ್ಗ.

ಪಂಕಜಮ್ಮ ಹಗ್ಗವನ್ನು ಎಳೆದುಕೊಂಡರು. ಮೊದಲ ಸಲಕ್ಕೆ ಅದು ಬರಲಿಲ್ಲ. ಗಂಟು ಬಿಚ್ಚಿದ್ದರೂ ಗೂಟ ಹಿಡಿದುಕೊಂಡೇ ಇತ್ತು.