ಆನೆಕಿವಿ ಕೆಸು ಒಂದು ಹನಿ ಉಳಿಸುವುದೇಕೆ

ಆಗ ಲೋಕ ಇನ್ನೂ ಹಸಿ. ಬೆಟ್ಟ ಮುಟ್ಟಿದರೆ ಬೆರಳಿನ ಗುರುತು ಉಳಿಯುತ್ತಿತ್ತು. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ. ಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿದ್ದವು.

ಗಿಡಗಳು ತಮ್ಮ ಎಲೆಯ ಆಕಾರವನ್ನು ತಾವೇ ಹುಡುಕಿಕೊಳ್ಳಬೇಕಿತ್ತು. ಬಿದಿರು ಮೀನನ್ನು ನೋಡಿ ಕಲಿಯಿತು. ಹುಣಸೆಗೆ ಯಾವುದೂ ಹಿಡಿಸಲಿಲ್ಲ. ಸಿಟ್ಟಿನಲ್ಲಿ ಎಲೆಯನ್ನೇ ಚೂರುಚೂರು ಮಾಡಿ ಮುಗಿಸಿತು.

ಕೆಳಗೆ ಬೆಚ್ಚನೆಯ ಕಣಿವೆಯಲ್ಲಿ, ಹೊಳೆಯ ಕೆಸರಿನಲ್ಲಿ, ಕೆಸು ನಿಂತಿತ್ತು. ಅದಕ್ಕಿನ್ನೂ ಎಲೆ ಇರಲಿಲ್ಲ. ಬರೀ ದಂಟು.

ಒಂದು ದಿನ ಆನೆಯೊಂದು ಮರಿಯನ್ನು ಕರೆದುಕೊಂಡು ನೀರಿಗೆ ಬಂತು. ಮಳೆ ಸುರಿಯಿತು. ಮರಿ ಓಡಿಹೋಗಿ ತಾಯಿಯ ಕಿವಿಯ ಕೆಳಗೆ ನಿಂತಿತು. ಮೇಲೆ ಮಳೆ, ಕೆಳಗೆ ಮರಿ, ನಡುವೆ ಕಿವಿ. ಮರಿಯ ತಲೆ ನೆನೆಯಲಿಲ್ಲ.

ಕೆಸು ಅದನ್ನೇ ನೋಡುತ್ತ ನಿಂತಿತು. ಇಷ್ಟು ಒಳ್ಳೆಯ ಆಕಾರವನ್ನು ಅದು ಕಂಡಿರಲಿಲ್ಲ.

"ಆನೆಯಮ್ಮ, ನಿನ್ನ ಕಿವಿಯನ್ನು ನಾನು ಕಲಿಯಲೇ?"

"ಕಲಿ," ಎಂದಿತು ಆನೆ. "ಆದರೆ ಅಂದಕ್ಕೆ ಅಂತ ಇಟ್ಟುಕೊಳ್ಳಬೇಡ. ಚಿಕ್ಕವರು ಯಾರಾದರೂ ನೆನೆಯುತ್ತಿದ್ದರೆ ಹಿಡಿ."

"ಹಿಡಿಯುತ್ತೇನೆ."

ಅದು ಕೆಸು ಕೊಟ್ಟ ಮಾತು. ಆಮೇಲೆ ಎಲೆ ಬಿಟ್ಟಿತು. ಎಂಥ ಎಲೆ! ಒಂದೊಂದೂ ಒಂದೊಂದು ಆನೆಯ ಕಿವಿ.

ಮೇಲೆ ಚಳಿಬೆಟ್ಟವಿತ್ತು. ಅಲ್ಲಿ ಚಳಿಗಾಳಿಯದೇ ದರ್ಬಾರು. ಉಗುರಿಗಿಂತ ದೊಡ್ಡ ಎಲೆ ಕಂಡರೆ ಕಚ್ಚಿ ಹಾಕುತ್ತಿತ್ತು. ಅದಕ್ಕೇ ಬೆಟ್ಟದ ಗಿಡಗಳೆಲ್ಲ ಉಗುರಿನಷ್ಟೇ ಎಲೆ ಬಿಟ್ಟುಕೊಂಡು ತಲೆ ತಗ್ಗಿಸಿಕೊಂಡಿದ್ದವು.

ಆ ಬೆಟ್ಟದಲ್ಲಿ ಜವನಿ ಎಂಬ ಹೆಂಗಸಿದ್ದಳು. ಅವಳಿಗೊಂದು ಎಳೆಗೂಸು. ಮನೆಯಲ್ಲಿ ಅತ್ತೆ ಕಾಡಮ್ಮ. ಕಾಡಮ್ಮನ ನಾಲಗೆ ಒರಟು, ಕೈ ಮೆದು.

ಮನೆಯ ಹಿಂದೆಯೇ ಹೊಲ. ಮಳೆ ಬಂದರೆ ಬಿತ್ತಬೇಕು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಿತ್ತಬೇಕು. ಕೂಸಿಗೆ ಹೊದಿಸಲು ಕಂಬಳಿ ಇಲ್ಲ, ಕುರಿಗಳು ಉಣ್ಣೆ ಕೊಡಲು ಇನ್ನೂ ಒಪ್ಪಿರಲಿಲ್ಲ. ಮರೆಗೆ ಹಿಡಿಯಲು ಎಲೆ ಇಲ್ಲ. ಮಳೆಯಲ್ಲಿ ಕೂಸು ನೆನೆಯಿತು. ನೆನೆದು ಕೆಮ್ಮಿತು. ಕೆಮ್ಮು ದಿನದಿನಕ್ಕೆ ಎದೆಗೆ ಇಳಿಯಿತು.

"ಹೀಗೇ ನೆನೆದರೆ ಕೂಸು ಉಳಿಯಲ್ಲ ಕಣೇ," ಎಂದಳು ಕಾಡಮ್ಮ. "ಕಣಿವೆಗೆ ಇಳಿ. ದೊಡ್ಡ ಎಲೆ ಇರೋ ಗಿಡ ಯಾವುದಾದ್ರೂ ಇದ್ದರೆ ಕರಕೊಂಡು ಬಾ. ಅಳ್ತಾ ನಿಲ್ಲಬೇಡ, ಹೋಗು."

ಜವನಿ ಇಳಿದಳು. ಹೊಳೆಯ ದಡದಲ್ಲಿ ಮಳೆ ಹುಯ್ಯುತ್ತಿತ್ತು. ಕೆಸುವಿನ ಎಲೆಯ ಕೆಳಗೆ ಒಂದು ಕಪ್ಪೆ ನೆನೆಯದೆ ಕೂತಿತ್ತು.

"ಏನಮ್ಮ, ನೆನೀತಾ ಇದ್ದೀಯಲ್ಲ!" ಎಂದಿತು ಕಪ್ಪೆ. ಕಪ್ಪೆಗಳಿಗೆ ಆಗಲೂ ಕೊಬ್ಬು.

ಜವನಿ ಕೆಸುವಿಗೆ ಕೈಮುಗಿದಳು. "ನಮ್ಮ ಬೆಟ್ಟಕ್ಕೆ ಬರ್ತೀಯಾ?"

"ನನಗೆ ಚಳಿ ಅಂದರೆ ಗೊತ್ತಿಲ್ಲ," ಎಂದಿತು ಕೆಸು. "ಕಾಲಡಿ ಕೆಸರು ಬೇಕು. ತಲೆ ಮೇಲೆ ಬಿಸಿಲು ಬೇಕು. ನೀರಂತೂ ಬೇಕೇ ಬೇಕು."

"ಕೆಸರು ಮಾಡಿಕೊಡ್ತೀನಿ. ನೀರು ಹೊತ್ತು ಹಾಕ್ತೀನಿ. ಬಿಸಿಲು ನಮಗೆ ಬಂದಷ್ಟರಲ್ಲಿ ನಿನಗೂ ಪಾಲು."

"ಅಲ್ಲಿ ಚಿಕ್ಕವರು ಯಾರಾದರೂ ನೆನೆಯುತ್ತಿದ್ದಾರಾ?"

"ಒಂದು ಕೂಸು. ಕೆಮ್ಮುತ್ತೆ."

ಕೆಸು ತಾನೇ ಬೇರು ಸಡಿಲ ಮಾಡಿಕೊಂಡಿತು.

ಜವನಿ ಅದನ್ನು ಹೊತ್ತು ತಂದು ಬಚ್ಚಲ ನೀರು ಹರಿಯುವ ಕಡೆ ನೆಟ್ಟಳು. ಬುಡಕ್ಕೆ ಸಗಣಿ ಹಾಕಿದಳು. ಕಾಡಮ್ಮ ಸೋರೆಬುರುಡೆಯಲ್ಲಿ ನೀರು ತಂದು ಕೊಟ್ಟಳು.

ಚಳಿಬೆಟ್ಟದಲ್ಲಿ ಒಂದು ಪದ್ಧತಿ ಇತ್ತು. ನೆಂಟರು ಬಂದರೆ ಮೊದಲು ನೀರು. ನೀರು ಕೊಡದ ಮನೆಯ ಒಲೆ ಆರಿಹೋಗುತ್ತದೆ ಎನ್ನುತ್ತಿದ್ದರು. ಕುಡಿದ ನೆಂಟರು ಬುರುಡೆಯಲ್ಲಿ ಒಂದು ಹನಿ ಉಳಿಸಬೇಕು. ಆ ಹನಿ ಮನೆಗೆ. 'ಇದು ನನ್ನ ಮನೆ, ಮತ್ತೆ ಬರುತ್ತೇನೆ' ಎಂದು ಅದರ ಅರ್ಥ.

ಕೆಸುವಿಗೆ ಇದು ಗೊತ್ತಿಲ್ಲ. ಕುಡಿಯಿತು. ಇನ್ನೂ ಬೇಕೆಂದಿತು. ಕುಡಿಯಿತು. ಇನ್ನೂ ಬೇಕೆಂದಿತು.

"ಇದೇನು ಗಿಡವೋ ಗುಂಡಿಯೋ?" ಎಂದ ಪಕ್ಕದ ಮನೆಯ ಬೊಮ್ಮ.

ಕಾಡಮ್ಮ ಬುರುಡೆ ಬೋರಲು ಹಾಕಿ ನೋಡಿದಳು. "ಒಂದು ಹನಿ ಉಳಿಸಲಿಲ್ಲ ನೋಡು. ಇದು ನಿಲ್ಲೋ ನೆಂಟ ಅಲ್ಲ, ಬರೆದಿಟ್ಟುಕೋ."

ಆದರೆ ಎಲೆ ಬಂತು. ಒಂದು ಬಿಚ್ಚಿತು, ಅದರ ಹಿಂದೆ ಇನ್ನೊಂದು ಬಿಚ್ಚಿತು. ಬೆಟ್ಟದ ಜನ ಅಂಥದ್ದನ್ನು ಕಂಡವರಲ್ಲ. ಸಾಲಾಗಿ ಬಂದು ಬಾಯಿ ತೆರೆದು ನಿಂತರು. ಬೊಮ್ಮ ಎಲೆಯ ಕೆಳಗೆ ಕೂತು ನೋಡಿದ, ಎದ್ದು ನೋಡಿದ, ಮತ್ತೆ ಕೂತ. ಮಳೆಯ ಹನಿಗಳು ಎಲೆಯ ಮೇಲೆ ಮುತ್ತಾಗಿ ಉರುಳಿ ಆಚೆ ಬಿದ್ದವು. ಎಲೆ ನೆನೆಯಲೇ ಇಲ್ಲ.

ಎಲೆಯ ಕೆಳಗೆ ಕೂಸಿನ ಬುಟ್ಟಿ ಇಟ್ಟು ಜವನಿ ಹೊಲಕ್ಕೆ ಇಳಿದಳು. ಮೇಲೆ ಮಳೆ, ಕೆಳಗೆ ಕೂಸು, ನಡುವೆ ಎಲೆ. ಕೂಸು ನಿದ್ದೆ ಹೋಯಿತು. ಕೆಮ್ಮು ತಗ್ಗಿತು.

ಮಳೆಗಾಲ ಮುಗಿಯಿತು. ಬೆಟ್ಟದ ಆಚೆ ಮಲಗಿದ್ದ ಚಳಿಗಾಳಿ ಎದ್ದು ಮನೆಗೆ ಬಂತು.

"ಯಾರದಿದು ಇಷ್ಟು ಅಗಲದ ಎಲೆ? ಯಾರನ್ನು ಕೇಳಿ ಬಿಟ್ಟದ್ದು?"

"ಕೂಸಿಗಾಗಿ ಬಿಟ್ಟದ್ದು," ಎಂದಿತು ಕೆಸು.

"ನನ್ನ ಬೆಟ್ಟದಲ್ಲಿ ನನ್ನ ಕಾನೂನು," ಎಂದು ಗಾಳಿ ಕಚ್ಚಿತು.

ಬೆಳಗ್ಗೆ ನೋಡಿದರೆ ಎಲೆಗಳೆಲ್ಲ ಕಪ್ಪಾಗಿ, ಬೇಯಿಸಿದ ಸೊಪ್ಪಿನ ಹಾಗೆ ಮಲಗಿದ್ದವು. ಜವನಿ ಅತ್ತಳು. ಕಾಡಮ್ಮ ಬಗ್ಗಿ ಮಣ್ಣು ಕೆದಕಿದಳು. ಕೈಗೆ ಗೆಡ್ಡೆ ಸಿಕ್ಕಿತು. ಗಟ್ಟಿಯಾಗಿತ್ತು.

"ಸತ್ತಿಲ್ಲ. ಮಲಗಿದೆ. ಒಳಗೆ ತಾ."

ಗೆಡ್ಡೆಯನ್ನು ಒಲೆಯ ಪಕ್ಕ ಬುಟ್ಟಿಯಲ್ಲಿ ಇಟ್ಟರು. ಇಲ್ಲಿ ಬೆಟ್ಟದವರು ತಪ್ಪು ಮಾಡಿದರು. ನೆಂಟ ಈಗ ಮನೆಯೊಳಗೆ ಬಂದಿದೆ. ಒಳಗೆ ಬಂದ ನೆಂಟನಿಗೆ ನೀರು ಕೊಡದಿರುವುದುಂಟೆ? ಜವನಿ ಕೊಟ್ಟಳು. ಕಾಡಮ್ಮ ಕೊಟ್ಟಳು. ಬೊಮ್ಮ ಬಂದವನು ಒಂದು ಬುರುಡೆ ಹುಯ್ದ. ಮಳೆಗಾಲದಲ್ಲಿ ಎಲೆಯ ಕೆಳಗೆ ಕೂತವರೆಲ್ಲ ಬಂದು ಪ್ರೀತಿಯಿಂದ ಹುಯ್ದರು.

ಗೆಡ್ಡೆ ಬೇಡವೆನ್ನಲಿಲ್ಲ. ಮಲಗಿದವರು ಹೇಗೆ ಬೇಡವೆನ್ನುತ್ತಾರೆ?

ಒಂದು ದಿನ ಬುಟ್ಟಿ ನಾರಿತು. ಜವನಿ ಮುಟ್ಟಿ ನೋಡಿದಳು. ಗೆಡ್ಡೆಯ ಒಂದು ಮಗ್ಗುಲು ಮೆತ್ತಗಾಗಿತ್ತು. ಬೆರಳು ಒಳಗೆ ಹೋಯಿತು.

ಬಾಗಿಲ ಸಂದಿಯಲ್ಲಿ ಚಳಿಗಾಳಿ ನಕ್ಕಿತು. "ನಾನು ಎಲೆ ಮಾತ್ರ ತಿಂದೆ. ಜೀವ ತಿನ್ನುತ್ತಿರುವವರು ನೀವು."

"ನಾವಾ?" ಎಂದಳು ಕಾಡಮ್ಮ.

"ನಿದ್ದೆಯಲ್ಲಿರುವ ನಿನ್ನ ಬಾಯಿಗೆ ಯಾರಾದರೂ ನೀರು ಹುಯ್ಯಲಿ, ನೋಡೋಣ."

ಕಾಡಮ್ಮ ಬುಟ್ಟಿಯ ಮುಂದೆ ಕೂತಳು. ಹುಟ್ಟಿದಂದಿನಿಂದ ಅವಳು ಒಬ್ಬ ನೆಂಟನನ್ನೂ ನೀರಿಲ್ಲದೆ ಕೂರಿಸಿದವಳಲ್ಲ. ನೀರು ನಿಲ್ಲಿಸಿದರೆ ಒಲೆ ಆರುತ್ತದೆ. ಈ ಚಳಿಯಲ್ಲಿ ಒಲೆ ಆರಿದರೆ ಕೂಸಿನ ಗತಿ? ನೀರು ಕೊಟ್ಟರೆ ಗೆಡ್ಡೆ ಕೊಳೆಯುತ್ತದೆ. ಗೆಡ್ಡೆ ಕೊಳೆತರೆ ಬರುವ ಮಳೆಯಲ್ಲಿ ಕೂಸಿನ ಗತಿ?

ಕೊನೆಗೆ ಎದ್ದಳು. ಕೊಳೆತದ್ದನ್ನು ಕತ್ತರಿಸಿ ತೆಗೆದಳು. ಗಾಯಕ್ಕೆ ಒಲೆಯ ಬೂದಿ ಬಳಿದಳು. ಒಣಹುಲ್ಲಿನಲ್ಲಿ ಸುತ್ತಿ ಒಲೆಯ ಮೇಲೆ ತೂಗುಹಾಕಿದಳು.

"ನಿನ್ನ ನೀರು ನನ್ನ ಹತ್ತಿರ ಇರುತ್ತೆ. ಎದ್ದ ಮೇಲೆ ಇಸಕೋ," ಎಂದಳು.

ಆಮೇಲೆ ಅಲ್ಲೇ ಒಲೆಯ ಮುಂದೆ ಕೂತಳು. ಒಲೆ ಆರಲು ಬಿಡಲಿಲ್ಲ. ಬುರುಡೆ ಹಿಡಿದು ಬಂದವರನ್ನು ಒಳಗೆ ಬಿಡಲಿಲ್ಲ.

"ಒಂದೇ ಗುಟುಕು ಕಾಡಮ್ಮ, ಪಾಪ," ಎಂದ ಬೊಮ್ಮ.

"ನೀನೇ ಕುಡಿ. ನಿನ್ನ ಗಂಟಲಾದ್ರೂ ತಣ್ಣಗಾಗಲಿ. ನಡಿ!"

ಚಳಿಗಾಲ ಉದ್ದವಾಗಿತ್ತು. ಕಡೆಗೆ ಬಿಸಿಲು ಕಾಯಿತು. ದೂರದಲ್ಲಿ ಮೋಡ ಕಟ್ಟಿತು. ಕೂಸು ಮತ್ತೆ ಕೆಮ್ಮಲು ಶುರುಮಾಡಿತು. ಗೆಡ್ಡೆ ಏಳಲಿಲ್ಲ.

"ಅತ್ತೆ, ಒಂದಿಷ್ಟು ನೀರು ಚಿಮುಕಿಸಿ ಎಬ್ಬಿಸಲಾ? ಮಳೆ ಬಂದೇಬಿಡುತ್ತೆ!"

"ಮುಟ್ಟಬೇಡ. ಮೂಗು ತೋರಿಸಲಿ. ಆಮೇಲೆ ನೀರು."

ಮಾರನೆಯ ದಿನ ಹುಲ್ಲಿನ ಸಂದಿಯಿಂದ ಮೊಳಕೆಯ ಕೆಂಪು ಮೂಗು ಹೊರಗೆ ಇಣುಕಿತು. ಕಾಡಮ್ಮ ಕಂಡಳು. ಅವಳ ಕಣ್ಣಲ್ಲಿ ನೀರು ಬಂತು. ಹೊಗೆ ಎಂದಳು.

ಮೊದಲು ಒಲೆಯ ಪಕ್ಕ ಮಡಕೆಯ ಮಣ್ಣಿನಲ್ಲಿ ಕೂರಿಸಿದಳು. ಚಳಿಗಾಳಿ ಬೆಟ್ಟದ ಆಚೆ ಮಲಗಲು ಹೋದದ್ದನ್ನು ನೋಡಿಕೊಂಡು ಬಚ್ಚಲ ಬಳಿ ನೆಟ್ಟಳು. ಬುಡಕ್ಕೆ ಸಗಣಿ. ಆಮೇಲೆ ನೀರು. ಒಂದು ಚಳಿಗಾಲದ ಬಾಕಿ ನೀರು! ಜವನಿ ಹೊತ್ತಳು, ಬೊಮ್ಮ ಹೊತ್ತ, ಬೆಟ್ಟವೇ ಹೊತ್ತಿತು. ಕೆಸು ಕುಡಿಯಿತು. ಇನ್ನೂ ಬೇಕೆಂದಿತು. ಕುಡಿಯಿತು.

ಮೋಡ ಬೆಟ್ಟದ ನೆತ್ತಿಗೆ ಬಂತು. ಮೊದಲ ಹನಿ ಬಿತ್ತು. ಸುರುಳಿ ಸುತ್ತಿಕೊಂಡಿದ್ದ ಎಲೆ ಆಗ ಬಿಚ್ಚಿತು. ಹೋದ ವರ್ಷದ್ದಕ್ಕಿಂತ ದೊಡ್ಡದು. ಬುಟ್ಟಿಯ ಜೊತೆಗೆ ಕಾಡಮ್ಮನೂ ಹಿಡಿಸುವಷ್ಟು ದೊಡ್ಡದು. ಮೇಲೆ ಮಳೆ, ಕೆಳಗೆ ಕೂಸು, ನಡುವೆ ಎಲೆ. ಕೂಸು ನೆನೆಯಲಿಲ್ಲ. ಆ ಮಳೆಗಾಲ ಕಳೆಯುವುದರೊಳಗೆ ಎಲೆಯ ನೆರಳಲ್ಲಿ ಎದ್ದು ನಡೆಯಿತು.

ಆ ಮಳೆಗಾಲದ ಮೊದಲ ಮಳೆ ನಿಂತ ಮಾರನೆಯ ಬೆಳಗ್ಗೆ ಆಕಾಶ ಒಣಗಿತ್ತು. ಕಾಡಮ್ಮ ಹಿತ್ತಿಲಿಗೆ ಬಂದಳು. ಬೇರೆ ಗಿಡಗಳ ಮೇಲೆ ನೀರಿನ ಪಸೆಯೂ ಇರಲಿಲ್ಲ. ಕೆಸುವಿನ ಎಲೆಯ ತುದಿಯಲ್ಲಿ ಮಾತ್ರ ಒಂದು ಹನಿ ತೂಗುತ್ತಿತ್ತು.

"ಇದೇನು?" ಎಂದಳು.

"ಮನೆಗೆ," ಎಂದಿತು ಕೆಸು. "ಒಲೆಯ ಮೇಲೆ ತೂಗುತ್ತ ಅರೆನಿದ್ದೆಯಲ್ಲಿದ್ದಾಗ ನೀವು ನಿಮ್ಮ ಪದ್ಧತಿ ಮಾತಾಡಿಕೊಂಡದ್ದು ಕೇಳಿಸಿಕೊಂಡೆ."

ಕಾಡಮ್ಮ ಅಂಗೈ ಒಡ್ಡಿದಳು. ಹನಿ ಬಿತ್ತು.

"ಸರಿ," ಎಂದಳು. "ಇನ್ನು ನೀನು ನೆಂಟ ಅಲ್ಲ."

ಚಳಿಗಾಳಿ ಮತ್ತೆ ಬಂದಾಗ ಜಗಳವಾಗಲಿಲ್ಲ. ಎಲೆ ಗಾಳಿಗೆ, ಗೆಡ್ಡೆ ಮನೆಗೆ ಎಂದು ಒಪ್ಪಂದವಾಗಿತ್ತು.

ಅದಕ್ಕೇ ಇವತ್ತಿಗೂ ಚಳಿ ನಾಡಿನಲ್ಲಿ ಆನೆಕಿವಿ ಕೆಸುವಿನ ಗೆಡ್ಡೆ ಚಳಿಗಾಲವೆಲ್ಲ ನೀರು ಕೇಳದೆ ಬೆಚ್ಚಗೆ ಮಲಗುತ್ತದೆ. ಮಳೆ ಬಾರದ ಬೆಳಗ್ಗೆಯೂ ನೀವು ಹಿತ್ತಿಲಿಗೆ ಹೋಗಿ ನೋಡಿದರೆ, ಆ ದೊಡ್ಡ ಎಲೆಯ ತುದಿಯಲ್ಲಿ, ಮನೆಗೆಂದು ಉಳಿಸಿದ ಒಂದು ಹನಿ ತೂಗುತ್ತಿರುತ್ತದೆ.