ಎದ್ದು ನಿಲ್ಲಬೇಕಾದವರು

ಡಿಪ್ಲೊಮಾ ಮುಗಿಸಿದ ದಾನಮ್ಮನಿಗೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ನೇರ ಸೀಟು ಸಿಕ್ಕಿತ್ತು. ಓಣಿಗೆಲ್ಲ ಪೇಢಾ ಹಂಚಿ ಬಂದವಳಿಗೆ ಕ್ಲಾಸಿನಲ್ಲಿ ತಲೆ ಎತ್ತಲಾಗಲಿಲ್ಲ. ಗಣಿತದ ಇನಾಮದಾರ ಸರ್ ದಿನಾ ಪಾಠಕ್ಕೆ ಮೊದಲು, "ಡಿಪ್ಲೊಮಾದವರು ಎದ್ದು ನಿಲ್ರಿ," ಅನ್ನುತ್ತಿದ್ದರು. ಇಡೀ ಕ್ಲಾಸಿಗೆ ಅವಳೊಬ್ಬಳೇ ಡಿಪ್ಲೊಮಾದವಳು. ಎದ್ದು ನಿಲ್ಲುತ್ತಿದ್ದಳು. ಹಿಂದಿನ ಸಾಲು ಕಿಸಕ್ಕನೆ ನಗುತ್ತಿತ್ತು. ಅವಳ ಕಿವಿ ಬಿಸಿಯಾಗುತ್ತಿತ್ತು.

ಒಂದು ದಿನ ನಿಂತುಕೊಂಡೇ ಕೇಳಿದಳು. "ಸರ್, ನನ್ನ ಯಾಕ ನಿಲ್ಲಸ್ತೀರಿ?"

"ಮೊದಲನೇ ವರ್ಷದ ಗಣಿತ ನಿನಗ ಬರಂಗಿಲ್ಲಲ್ಲ, ಅದಕ್ಕ. ಅಂಥವರು ಯಾರು ಅಂತ ನನಗ ಗೊತ್ತಿರಬೇಕು."

"ಕ್ಲಾಸಿನ್ಯಾಗ ಕೂತಿದ್ರ ಬಂದಂಗೋ, ಪಾಸಾದ್ರ ಬಂದಂಗೋ ಸರ್?"

"ಪಾಸಾದ್ರನ. ಇದೇನ ಕೇಳೂದು?"

"ಹಂಗಾದ್ರ ಅದರಾಗ ಫೇಲಾಗಿ ಎರಡನೇ ವರ್ಷಕ್ಕ ಬಂದವರೂ ನನ್ನ ಜೊತಿ ನಿಲ್ಲಬೇಕಲ್ರಿ."

ಆಡಿದ ಮಾತನ್ನು ಸರ್ ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ. "ಹೌದು, ನಿಲ್ರಿ ಎಲ್ಲಾರೂ," ಎಂದರು. ಬೆಂಚುಗಳು ಕಿರುಗುಟ್ಟಿದವು. ನಗುತ್ತಿದ್ದ ಹಿಂದಿನ ಸಾಲು ಪೂರ್ತಿ ಎದ್ದಿತು. ಈಗ ದಾನಮ್ಮನಿಗೆ ನಗು ಬಂತು. ಕೊನೆಗೆ ಮೊದಲ ಬೆಂಚಿನಿಂದ ಸರ್ ಮಗಳು ವೈಜಯಂತಿಯೂ ಎದ್ದಳು.

"ನೀ ಪಾಸಂತ ಹೇಳಿದ್ದಿ," ಎಂದರು ಸರ್, ಮೆಲ್ಲಗೆ.

ಅವಳು ನೆಲ ನೋಡುತ್ತ ನಿಂತಳು. ಅವಳ ಕಿವಿ ಕೆಂಪಗಾಗಿದ್ದು ದಾನಮ್ಮನಿಗೆ ಕಂಡಿತು. ಆ ಬಿಸಿ ಎಂಥದ್ದೆಂದು ಗೊತ್ತಿದ್ದವಳು ನಗು ನುಂಗಿಕೊಂಡು ತಲೆ ತಗ್ಗಿಸಿದಳು.

"ಎಲ್ಲಾರೂ ಕೂಡ್ರಿ," ಎಂದರು ಸರ್. ತಾವೂ ಕೂತರು. ಯಾವತ್ತೂ ನಿಂತೇ ಪಾಠ ಹೇಳುವವರು ಅವತ್ತು ಬೆಲ್ ಆಗುವವರೆಗೂ ಏಳಲಿಲ್ಲ.