ಮರಳಿನ ಹೊಳೆ, ಮೂರನೆಯ ಸಾಕ್ಷಿ

ಹೊಳೆಗೆ ಮೆಟ್ಟಿಲ ಕಲ್ಲು ಇಳಿಸುವ ಮೊದಲು ದಡದ ಮರಳಿನಲ್ಲೊಂದು ಪುಟ್ಟ ಹೊಳೆ ಹರಿಸಿ ನೋಡುವುದು ಆ ಆಶ್ರಮದ ಹಳೆಯ ರೂಢಿ.

ನಿಜವಾದ ಹೊಳೆಯಲ್ಲಿ ಎಲ್ಲಿ ಮಡು, ಎಲ್ಲಿ ಬಂಡೆ, ಎಲ್ಲಿ ತಿರುವು ಎಂದು ಉದ್ದನೆಯ ಬಿದಿರ ಗಳು ಇಳಿಸಿ ಅಳೆಯುವರು. ಆಳೆತ್ತರದ ಮಡುವನ್ನು ಗೇಣಿಗೆ ಇಳಿಸಿ, ಎಲ್ಲವನ್ನೂ ಅದೇ ಅಳತೆಯಲ್ಲಿ ಮರಳಿನಲ್ಲಿ ತಿದ್ದುವರು. ಬೇಕಾದ ಕಡೆ ಒಂದೊಂದು ಬಿದಿರ ಕಡ್ಡಿ ನೆಟ್ಟು, ಕಡ್ಡಿಗೊಂದು ನೂಲು ಕಟ್ಟಿ, ಮೇಲಿನಿಂದ ನೀರು ಬಿಡುವರು. ಆ ಕಡ್ಡಿಗೆ ಅಲ್ಲಿ ಸಾಕ್ಷಿ ಎಂದು ಹೆಸರು.

ಚಿದಂಬರ ಗುರುಗಳ ಕಣ್ಣು ಮಂಜಾದ ಮೇಲೆ ಈ ಕೆಲಸ ಶಿಷ್ಯ ಶೇಷಗಿರಿಯ ಪಾಲಿಗೆ ಬಂದಿತ್ತು. ಇಪ್ಪತ್ತು ವರ್ಷದ ಹಿಂದೆ ಅವನು ಹೊಸದಾಗಿ ಬಂದಾಗ ಗುರುಗಳೇ ಪಂಚೆ ಎತ್ತಿ ಕಟ್ಟಿ ಮರಳಿಗೆ ಇಳಿಯುತ್ತಿದ್ದರು. ಮಲಗಿದ ಮಗುವಿನ ಬೆನ್ನು ಸವರಿದ ಹಾಗೆ ಒದ್ದೆ ಮರಳನ್ನು ಸವರುತ್ತಿದ್ದರು.

ಆ ವರ್ಷದ ಪ್ರವಾಹ ಸ್ನಾನದ ಮೆಟ್ಟಿಲುಗಳನ್ನು ಕೊಚ್ಚಿಕೊಂಡು ಹೋಗಿತ್ತು. ಮರುದಿನ ಕಲ್ಲುಕುಟಿಗರು ಬರುವವರಿದ್ದರು. ಹೊಸ ಮೆಟ್ಟಿಲು ಎಲ್ಲಿ ಎಂಬುದು ಇವತ್ತೇ ತೀರ್ಮಾನವಾಗಬೇಕು.

ಗುರುಗಳ ಆಸೆ ಎಲ್ಲಿಯದೆಂದು ಎಲ್ಲರಿಗೂ ಗೊತ್ತಿತ್ತು. ಮತ್ತಿಮರದ ಬುಡ. ಹನ್ನೆರಡರ ವಯಸ್ಸಿನಲ್ಲಿ ಅವರ ಗುರುಗಳು ಅವರಿಗೆ ಉಪದೇಶ ಕೊಟ್ಟದ್ದು ಅಲ್ಲಿ.

"ಈ ದೇಹ ಬೀಳುವುದರೊಳಗೆ ಇನ್ನೊಂದು ಸಲ ಆ ನೀರಿನಲ್ಲಿ ಮುಳುಗೆದ್ದರೆ ಸಾಕು ಕಣೋ" ಎನ್ನುತ್ತಿದ್ದರು.

ಶೇಷಗಿರಿ ಐದು ಸಾಕ್ಷಿ ನೆಟ್ಟ. ಮೂರನೆಯದು ಮತ್ತಿಮರದ ಬುಡದ್ದು. ಗುರುಗಳು ಪಕ್ಕದಲ್ಲಿ ಮಣೆ ಹಾಕಿಸಿಕೊಂಡು ಕೂತರು.

"ನೀರು ಬಿಟ್ಟೆಯಾ?"

"ಬಿಟ್ಟೆ ಗುರುಗಳೇ. ಮೊದಲನೆಯ ನೂಲು ಆಗಲೇ..."

"ತಡಿಯೋ ಮಹರಾಯ. ಎಣ್ಣೆ ಕಾಯುವ ಮೊದಲೇ ಹಪ್ಪಳ ಬಿಡುತ್ತೀಯೇನು? ಮೊದಲ ಕೊಡದ ನೀರು ಕೊಡದ ಸುದ್ದಿ ಹೇಳುತ್ತದೆ. ಹೊಳೆಯ ಸುದ್ದಿ ಆಮೇಲೆ."

ಮೂರು ಕೊಡ ಹರಿದವು. ಹರಿವು ಒಂದು ಹದಕ್ಕೆ ಬಂತು.

"ಈಗ ಹೇಳು."

"ಮೊದಲನೆಯ ನೂಲು ನೆಟ್ಟಗೆ ಚಾಚಿದೆ. ಸೆಳೆತ ಜೋರು. ಎರಡನೆಯದು ಅದಕ್ಕಿಂತ ಕಡಿಮೆ." ಶೇಷಗಿರಿ ತಡವರಿಸಿದ. "ಇಷ್ಟು ನೋಡಿದರೆ ಸಾಲದೇ ಗುರುಗಳೇ? ಮಿಕ್ಕಿದ್ದನ್ನು ಊಹಿಸಬಹುದಲ್ಲ."

"ಪಕ್ಕದ ಎಲೆಯವನು ಉಂಡದ್ದು ನೋಡಿ ನೀನು ಕೈ ತೊಳೆಯುತ್ತೀಯಾ? ಸಾಕ್ಷಿ ತನ್ನ ಕಾಲ ಬುಡದ್ದು ಮಾತ್ರ ಹೇಳುತ್ತದೆ. ಮೂರನೆಯದನ್ನು ನೋಡು."

ಅವನು ಅದನ್ನು ಆಗಲೇ ನೋಡಿದ್ದ. ನೂಲು ಕಡ್ಡಿಗೆ ಸುತ್ತಿಕೊಳ್ಳುತ್ತಿತ್ತು. ಒಂದು ಸುತ್ತು, ಇನ್ನೊಂದು ಸುತ್ತು. ಅಲ್ಲೊಂದು ಸುಳಿಯಿತ್ತು.

ಶೇಷಗಿರಿ ಗುರುಗಳ ಮುಖ ನೋಡಿದ. ಹಬ್ಬದ ಬೆಳಗ್ಗೆ ಹೊಸ ಅಂಗಿಗೆ ಕಾದ ಹುಡುಗನ ಮುಖದ ಹಾಗಿತ್ತು ಅದು.

ಅವನು ಸದ್ದಿಲ್ಲದೆ ಕಡ್ಡಿ ಕಿತ್ತ. ಅವಸರದಲ್ಲಿ ನೂಲು ಬಿಡಿಸಿದ. ನಾಲ್ಕು ಬೆರಳು ಆಚೆಗೆ, ಒಂದು ಕಲ್ಲಿನ ಮರೆಯಲ್ಲಿ ನೆಟ್ಟ.

"ತಣ್ಣಗಿದೆ ಗುರುಗಳೇ. ನೂಲು ಅಲುಗುತ್ತಿಲ್ಲ."

"ಹೌದೇ?" ಗುರುಗಳ ದನಿ ನಡುಗಿತು. "ಆ ಕಡ್ಡಿ ಇತ್ತ ಕೊಡು. ದೇವರ ಗೂಡಿನಲ್ಲಿ ಇಟ್ಟುಕೊಳ್ಳುತ್ತೇನೆ."

ಶೇಷಗಿರಿ ಕೊಟ್ಟ. ಗುರುಗಳು ಅದನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಅವರ ಬೆರಳು ಕಡ್ಡಿಯ ಮೇಲೆ ಇಳಿಯುತ್ತ ಹೋಗಿ ಬುಡದ ಹತ್ತಿರ ನಿಂತಿತು.

ಅಲ್ಲಿ ಬಿಡಿಸದೆ ಉಳಿದ ಎರಡು ಸುತ್ತು ನೂಲಿತ್ತು.

ಗುರುಗಳು ಆ ಸುತ್ತುಗಳನ್ನು ಉಗುರಿನಿಂದ ಎಣಿಸಿದರು.

"ಶೇಷ, ಹೊಸ ಮೆಟ್ಟಿಲಿಗೆ ಮೊದಲು ಇಳಿಯುವವರು ಯಾರೋ?"

"ಊರ ಮಕ್ಕಳು, ಗುರುಗಳೇ."

ಗುರುಗಳು ಕಡ್ಡಿಯನ್ನು ಮುಂದೆ ಚಾಚಿದರು.

"ಎಲ್ಲಿಂದ ಕಿತ್ತೆಯೋ ಅಲ್ಲೇ ನೆಡು."

ಅವನು ನೆಟ್ಟ. ಮತ್ತೆ ಮೂರು ಕೊಡ ನೀರು ಹರಿಸಿದ.

"ಅದು ನಿಮ್ಮ ಜಾಗ ಗುರುಗಳೇ. ಬೇಡ ಅನ್ನಲು ನನಗೆ ನಾಲಿಗೆ ಏಳಲಿಲ್ಲ."

"ನಿನ್ನ ನಾಲಿಗೆಯನ್ನು ಯಾರು ಕೇಳಿದರು? ನೂಲು ಏನನ್ನುತ್ತದೆ ಹೇಳು."

"ಸುತ್ತುತ್ತಿದೆ. ಒಳಕ್ಕೆ ಎಳೆಯುವ ಸುಳಿ. ಕಾಲಿಟ್ಟ ಮಗು ಮೇಲೆ ಬರಲಾರದು."

"ಏತರಿಂದ?"

"ಮೇಲುಗಡೆಯ ಆನೆಬಂಡೆಯಿಂದ. ನೀರು ಅದಕ್ಕೆ ಬಡಿದು ಇಲ್ಲಿ ತಿರುಗುತ್ತದೆ."

"ಆನೆಬಂಡೆ" ಎಂದರು ಗುರುಗಳು ಮೆಲ್ಲಗೆ. "ಅದು ಆವತ್ತೂ ಇತ್ತಲ್ಲ."

ಶೇಷಗಿರಿ ಇನ್ನೊಂದು ಕೊಡ ನೀರು ಸುರಿದ.

"ನಾಲ್ಕನೆಯದು ಹೇಗಿದೆ?"

"ತೊಟ್ಟಿಲು ತೂಗಿದ ಹಾಗೆ ಆಡುತ್ತಿದೆ. ಇಳಿಯಬಹುದು."

"ಸರಿ. ನಾಳೆ ಕಲ್ಲು ಅಲ್ಲಿಗೇ ಇಳಿಸಲಿ."

ಕೊಡದ ನೀರು ಮುಗಿಯಿತು. ಮರಳಿನ ಹೊಳೆ ಇಂಗತೊಡಗಿತು. ಗುರುಗಳು ಮತ್ತಿಮರ ಇದ್ದ ದಿಕ್ಕಿಗೆ ಮುಖ ತಿರುಗಿಸಿ ಕೂತರು. ಅವರ ಕೈ ತಾನಾಗಿ ನೆತ್ತಿಯ ಮೇಲೆ ಹೋಯಿತು.

"ಉಪದೇಶದ ದಿನ ನಮ್ಮ ಗುರುಗಳು ನನ್ನ ಜುಟ್ಟು ಹಿಡಿದೇ ಮೂರು ಮುಳುಗು ಹಾಕಿಸಿದರು. ಪ್ರಾಣ ಹೋಗುವಷ್ಟು ಬಿಗಿಯಾಗಿ ಹಿಡಿದಿದ್ದರು. ಎಪ್ಪತ್ತು ವರ್ಷ ಅದಕ್ಕೆ ಅವರ ಮೇಲೊಂದು ಸಣ್ಣ ಮುನಿಸು ಇಟ್ಟುಕೊಂಡಿದ್ದೆನಲ್ಲೋ, ಶೇಷ."